ಏಣಿ ಕೇಳಲು ಬಂದ ನೆರೆಯವರು: ‘ಎ ಮ್ಯಾನ್ ಕಾಲ್ಡ್ ಊವೆ’ ಕಾದಂಬರಿಯ ಒಂದು ಓದು

ಸ್ವೀಡನ್ನಿನ ಫ್ರೆಡ್ರಿಕ್ ಬಾಕ್ಮನ್ ಅವರ ‘ಎ ಮ್ಯಾನ್ ಕಾಲ್ಡ್ ಊವೆ’ 2012ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪ್ರಕಟವಾಯಿತು. ಹೆನ್ನಿಂಗ್ ಕೋಕ್ ಅವರ ಇಂಗ್ಲಿಷ್ ಅನುವಾದದ ಮೂಲಕ ಅದು ನಮ್ಮಂಥವರ ಕೈ ಸೇರಿತು. ಮೊದಲು ಹೆಸರಿನ ಉಚ್ಚಾರಣೆಯ ವಿಷಯ ಮುಗಿಸಿಬಿಡೋಣ. ಇಂಗ್ಲಿಷ್ ಓದುಗರು ಸಾಮಾನ್ಯವಾಗಿ ‘ಓವ್’ ಎನ್ನುತ್ತಾರೆ. ಸ್ವೀಡನ್ನಿನವರ ಬಾಯಲ್ಲಿ ಅದು ‘ಊವೆ’. ಈ ದೇಶದ ಕಚೇರಿಗಳಲ್ಲಿ ದಶಕಗಳ ಕಾಲ ನಮ್ಮ ಹೆಸರುಗಳನ್ನು ತಿರುಚಿಸಿಕೊಂಡವರು ನಾವು. ಒಬ್ಬ ಕಥಾನಾಯಕನ ಹೆಸರನ್ನಾದರೂ ಅವನ ಊರಿನವರಂತೆ ಹೇಳೋಣ.

ಪುಸ್ತಕದ ಅಂಗಡಿಗಳಲ್ಲಿ ಇದನ್ನು ಮನಸ್ಸಿಗೆ ಹಿತ ಕೊಡುವ ಕಾದಂಬರಿಗಳ ಸಾಲಿನಲ್ಲಿ ಇಟ್ಟಿರುತ್ತಾರೆ. ಸಿಡುಕು ಮುದುಕ, ಬಾಯಿಬಡುಕಿ ನೆರೆಯವಳು, ಬೀದಿಯ ಬೆಕ್ಕು; ಕೊನೆಯಲ್ಲಿ ಎಲ್ಲರ ಕಣ್ಣೂ ಒದ್ದೆ. ಹೀಗೆ ಹೇಳಿದರೆ ಓದದಿದ್ದರೂ ಓದಿದಂತೆಯೇ. ಎಲ್ಲರ ಒಳಗೂ ಒಂದು ಮುಚ್ಚಿಟ್ಟ ಕಥೆ ಇರುತ್ತದೆ, ಅದು ಹೊರಗೆ ಬಂದಾಗ ಸ್ನೇಹ ಹುಟ್ಟುತ್ತದೆ ಎನ್ನುವುದು ಇದರ ಸಾರ ಎಂದು ಓದುವವರೇ ಹೆಚ್ಚು. ನನಗೆ ಹಾಗೆ ಅನ್ನಿಸಲಿಲ್ಲ. ಈ ಪುಸ್ತಕದಲ್ಲಿ ಸ್ನೇಹ ಹುಟ್ಟುವುದು ಕಥೆ ಹೇಳಿಕೊಳ್ಳುವುದರಿಂದ ಅಲ್ಲ, ಕೆಲಸ ಕೇಳುವುದರಿಂದ. ಜೊತೆಗೆ, ಇಷ್ಟೊಂದು ಮುಚ್ಚಿಟ್ಟ ಕಥೆಗಳನ್ನು ಬಿಚ್ಚುವ ಕಾದಂಬರಿ ಒಬ್ಬಳ ಕಥೆಯನ್ನು ಮಾತ್ರ ಬಿಚ್ಚುವುದೇ ಇಲ್ಲ. ಅವಳು ಪರದೇಶದಿಂದ ಬಂದವಳು. ಅನಿವಾಸಿಗಳಾದ ನಾವು ಈ ಎರಡನೆಯ ಸಂಗತಿಯನ್ನು ಹಾಗೇ ಬಿಟ್ಟು ಮುಂದೆ ಹೋಗುವಂತಿಲ್ಲ.

ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಊವೆಗೆ 59 ವರ್ಷ. ಸಾಲುಮನೆಗಳ ಒಂದು ಬಡಾವಣೆಯಲ್ಲಿ ಒಬ್ಬನೇ ಇದ್ದಾನೆ. ಹೆಂಡತಿ ಸೋನ್ಯಾ ಕ್ಯಾನ್ಸರಿನಿಂದ ತೀರಿಕೊಂಡು ಆರು ತಿಂಗಳಾಗಿದೆ. ದಿನಾ ಬೆಳಿಗ್ಗೆ ಆರಕ್ಕೆ ಕಾಲು ಗಂಟೆ ಇರುವಾಗಲೇ ಎದ್ದು, ಕಾಫಿ ಕುಡಿದು, ಬಡಾವಣೆಯನ್ನು ಒಂದು ಸುತ್ತು ಹಾಕುತ್ತಾನೆ: ಗ್ಯಾರೇಜುಗಳಿಗೆ ಬೀಗ ಬಿದ್ದಿದೆಯೇ, ಸೈಕಲ್ ನಿಲ್ಲಿಸಬಾರದ ಕಡೆ ಯಾರಾದರೂ ನಿಲ್ಲಿಸಿದ್ದಾರೆಯೇ, ವಾಹನ ತರಬಾರದ ರಸ್ತೆಯಲ್ಲಿ ವಾಹನ ಬಂದಿದೆಯೇ. ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ ಕಡೆ ‘ಇನ್ನು ಸ್ವಲ್ಪ ಆರಾಮಾಗಿರಿ’ ಎಂದು ನಯವಾಗಿ ಮನೆಗೆ ಕಳಿಸಿದ್ದಾರೆ. (ನಿವೃತ್ತರಾದ ಗಂಡಸರಿಗೆ ಈ ಮಾತಿನ ರುಚಿ ಗೊತ್ತು.) ಸೋನ್ಯಾಳ ಬಳಿಗೆ ಹೋಗಿಬಿಡಬೇಕೆಂದು ಅವನು ನಿಶ್ಚಯಿಸಿದ್ದಾನೆ. ಅಷ್ಟರಲ್ಲಿ ಎದುರು ಮನೆಗೆ ಇರಾನಿನ ಮೂಲದ ಪರ್ವಾನೆ ಬರುತ್ತಾಳೆ. ಅವಳು ತುಂಬು ಗರ್ಭಿಣಿ, ಜೊತೆಗೆ ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಉದ್ದಕ್ಕೆ ಬೆಳೆದ, ಕೈಯಲ್ಲಿ ಯಾವ ಕೆಲಸವೂ ನೆಟ್ಟಗೆ ಆಗದ ಗಂಡ ಪ್ಯಾಟ್ರಿಕ್ ಟ್ರೇಲರನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೋಗಿ ಊವೆಯ ಮನೆಗೇ ತಾಗಿಸುತ್ತಾನೆ. ಊವೆ ಬೈಯುತ್ತಾ ಹೊರಗೆ ಬಂದು, ಅವನನ್ನು ಇಳಿಸಿ, ತಾನೇ ಕುಳಿತು ಹಿಂದಕ್ಕೆ ತೆಗೆದು ನಿಲ್ಲಿಸಿಕೊಡುತ್ತಾನೆ. ಬೈಗುಳ ಮತ್ತು ಉಪಕಾರ ಒಟ್ಟಿಗೇ ಬರುತ್ತವೆ. ಮುಂದೆಲ್ಲ ಇದೇ ಕ್ರಮ.

ಊವೆ ಸಾಯಲು ಅಣಿಯಾದಾಗಲೆಲ್ಲ ಯಾರೋ ಬಂದು ಬಾಗಿಲು ಬಡಿಯುತ್ತಾರೆ. ಇದನ್ನು ಬಾಕ್ಮನ್ ನಗೆಯಾಗಿ ಬರೆದಿದ್ದಾರೆ. ಆತ್ಮಹತ್ಯೆಯನ್ನು ಹಾಸ್ಯದ ಸರಕಾಗಿಸಬಹುದೇ ಎಂದು ನನ್ನೊಳಗಿನ ವೈದ್ಯ ಮೊದಲ ನೂರು ಪುಟ ಓದುವಷ್ಟರಲ್ಲಿ ಹಲವು ಸಲ ಗೊಣಗಿದ. ಆದರೂ ಈ ತಂತ್ರದ ತಳದಲ್ಲಿ ಒಂದು ವೈದ್ಯಕೀಯ ಸತ್ಯವಿದೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಮೇಲೆ ಪ್ರಾಣ ಕಳೆದುಕೊಳ್ಳಲು ಬಂದು, ತಡೆಯಲ್ಪಟ್ಟ 515 ಮಂದಿ ಮುಂದೆ ಏನಾದರು ಎಂದು ರಿಚರ್ಡ್ ಸೈಡನ್ ಹುಡುಕಿ ನೋಡಿ 1978ರಲ್ಲಿ ಪ್ರಕಟಿಸಿದರು. ಅವರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಇನ್ನೂ ಬದುಕಿದ್ದರು ಅಥವಾ ಸಹಜ ಕಾರಣಗಳಿಂದ ತೀರಿಕೊಂಡಿದ್ದರು. ತಡೆದರೆ ಇನ್ನೊಂದು ದಾರಿ ಹುಡುಕಿಯೇ ಹುಡುಕುತ್ತಾರೆ ಎನ್ನುವ ಜನರ ನಂಬಿಕೆ ಬಹುಪಾಲು ತಪ್ಪು. ಆ ಗಳಿಗೆ ದಾಟಿದರೆ ಸಾಕು, ಎಷ್ಟೋ ಜೀವ ಉಳಿಯುತ್ತದೆ. ಬಾಗಿಲು ಬಡಿದವನಿಗೆ ತಾನು ಏನು ಮಾಡಿದೆ ಎಂದು ಗೊತ್ತಿರಬೇಕಾಗಿಯೂ ಇಲ್ಲ. ಊವೆಯ ಬಾಗಿಲಿಗೆ ಬರುವವರಾರೂ ಅವನನ್ನು ಉಳಿಸಲು ಬಂದವರಲ್ಲ. ತಂತಮ್ಮ ಕಷ್ಟ ಹೊತ್ತು ಬಂದವರು.

ಈ ಹಾಸ್ಯದ ಒಂದು ಕೊರತೆಯನ್ನೂ ಹೇಳಬೇಕು. ಅಲ್ಲಿ ಎಲ್ಲವೂ ಆಕಸ್ಮಿಕ. ನಿಜಜೀವನದಲ್ಲಿ ಆಕಸ್ಮಿಕವನ್ನು ನಂಬಿ ಕೂರುವಂತಿಲ್ಲ, ಬಾಯಿಬಿಟ್ಟು ಕೇಳಬೇಕಾಗುತ್ತದೆ. ‘ಸಾಯುವ ಯೋಚನೆ ಬರುತ್ತಿದೆಯೇ’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ನಮ್ಮವರಲ್ಲಿ ಇವತ್ತಿಗೂ ಇದೆ. ಹಾಗೆ ಆಗುವುದಿಲ್ಲ. ಕೇಳಿಸಿಕೊಂಡವನಿಗೆ ಎಷ್ಟೋ ಸಲ ಹಗುರವೆನಿಸುತ್ತದೆ.

ಇನ್ನು ಕೆಲಸ ಕೇಳುವ ವಿಷಯ. ಪರ್ವಾನೆ ಮತ್ತು ಪ್ಯಾಟ್ರಿಕ್ ಮೊದಲು ಬರುವುದು ಅಲೆನ್ ಕೀಗಾಗಿ, ಏಣಿಗಾಗಿ. ಆ ಏಣಿಯಿಂದ ಪ್ಯಾಟ್ರಿಕ್ ಬೀಳುತ್ತಾನೆ. ಆಸ್ಪತ್ರೆಗೆ ಕಾರು ಬೇಕಾಗುತ್ತದೆ. ಆಮೇಲೆ ಅವಳಿಗೆ ಕಾರು ಓಡಿಸಲು ಕಲಿಯಬೇಕು. ಪಕ್ಕದ ಅನಿತಾಳ ಮನೆಯ ರೇಡಿಯೇಟರ್ ಬಿಸಿಯಾಗುತ್ತಿಲ್ಲ. ಅಂಚೆ ಹಂಚುವ ಹುಡುಗನಿಗೆ ಸೈಕಲ್ ರಿಪೇರಿಯಾಗಬೇಕು. ಇನ್ನೊಬ್ಬ ಹುಡುಗ ತನ್ನ ಒಲವಿನ ವಿಷಯ ತಂದೆಗೆ ತಿಳಿಸಿ ಮನೆ ಬಿಟ್ಟು ಬಂದಿದ್ದಾನೆ, ಮಲಗಲು ಜಾಗ ಬೇಕು. ‘ನಿಮಗೇನು ದುಃಖ, ಹೇಳಿಕೊಳ್ಳಿ’ ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಊವೆ ಬಾಗಿಲು ಹಾಕಿಕೊಳ್ಳುತ್ತಿದ್ದ. ಇಂಗ್ಲೆಂಡಿನ ಆರೋಗ್ಯ ಸೇವೆಯಲ್ಲಿ ನಾನು ವೃದ್ಧರ ವಿಭಾಗದಲ್ಲಿ ದುಡಿದವನು. ನಮ್ಮ ತಲೆಮಾರಿನ ಭಾರತೀಯ ವೈದ್ಯರು ಬಹಳ ಮಂದಿ ಈ ವಿಭಾಗಕ್ಕೆ ಬಂದದ್ದು ಇಲ್ಲಿನವರು ಅದನ್ನು ಅಷ್ಟಾಗಿ ಬಯಸುತ್ತಿರಲಿಲ್ಲವಾದ್ದರಿಂದ. ಅದು ಬೇರೆಯೇ ಕಥೆ. ಅಲ್ಲಿ ಊವೆಯಂಥವರನ್ನು ಬಹಳ ಕಂಡಿದ್ದೇನೆ. ಹೆಂಡತಿ ಸತ್ತು ನಾಲ್ಕು ತಿಂಗಳಾಗಿರುತ್ತದೆ, ತೂಕ ಇಳಿದಿರುತ್ತದೆ, ಅಂಗಿಯ ಗುಂಡಿ ಸರಿಯಾಗಿ ಹಾಕಿರುವುದಿಲ್ಲ. ಹೇಗಿದ್ದೀರಿ ಎಂದರೆ ಉತ್ತರ ಒಂದೇ: ‘ಫೈನ್, ಡಾಕ್ಟರ್.’ ಅದೇ ಮನುಷ್ಯನಿಗೆ ವಾರ್ಡಿನ ನಿಂತ ಗೋಡೆಗಡಿಯಾರವನ್ನು ತೋರಿಸಿ ‘ಇದನ್ನು ಸ್ವಲ್ಪ ನೋಡುತ್ತೀರಾ’ ಎಂದರೆ ಎದ್ದು ಕೂರುತ್ತಾನೆ. ಆಮೇಲೆ ಮಾತು ತಾನಾಗಿ ಬರುತ್ತದೆ, ಅದೂ ಗಡಿಯಾರದ ಕಡೆಗೇ ನೋಡುತ್ತಾ. 2018ರಲ್ಲಿ ಬ್ರಿಟನ್ ಸರ್ಕಾರ ಒಂಟಿತನಕ್ಕೆಂದೇ ಒಬ್ಬ ಸಚಿವರನ್ನು ನೇಮಿಸಿತು. ಒಳ್ಳೆಯದೇ. ಆದರೆ ಒಂಟಿಯಾದವನಿಗೆ ಬೇಕಾದ್ದು ಅನುಕಂಪಕ್ಕಿಂತ ತನ್ನ ಕೈಗೆ ಇನ್ನೂ ಬೆಲೆಯಿದೆ ಎಂಬ ಭರವಸೆ. ಬಾಕ್ಮನ್ ಇದನ್ನು ಉಪದೇಶವಿಲ್ಲದೆ ತೋರಿಸಿದ್ದಾರೆ. ಈ ಕಾದಂಬರಿಯ ಅತಿ ದೊಡ್ಡ ಸಾಧನೆ ನನ್ನ ಪ್ರಕಾರ ಇದೇ.

ವಸ್ತುಗಳ ಮೂಲಕ ಕಥೆ ಹೇಳುವುದರಲ್ಲೂ ಅವರು ಗಟ್ಟಿಗರು. ಊವೆಯ ಅಡುಗೆಮನೆಯ ಕಟ್ಟೆಗಳು ತಗ್ಗು. ಗಾಲಿಕುರ್ಚಿಯಲ್ಲಿ ಕುಳಿತವರ ಕೈಗೆ ಎಟುಕುವಂತೆ ಅವನೇ ಮಾಡಿದ್ದು. ಗರ್ಭಿಣಿಯಾಗಿದ್ದ ಸೋನ್ಯಾಳೊಡನೆ ಸ್ಪೇನಿಗೆ ಪ್ರವಾಸ ಹೋಗಿದ್ದಾಗ ಬಸ್ಸು ಅಪಘಾತಕ್ಕೆ ಸಿಕ್ಕಿತು; ಮಗು ಹೋಯಿತು, ಅವಳು ಮತ್ತೆ ನಡೆಯಲಿಲ್ಲ. ಅವಳಿಗೆ ಶಾಲೆಯಲ್ಲಿ ಕೆಲಸ ಸಿಕ್ಕಾಗ ಅಲ್ಲಿ ಗಾಲಿಕುರ್ಚಿ ಹತ್ತುವ ಇಳಿಜಾರು ಇರಲಿಲ್ಲ. ಅಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದು ಸಾಕಾದ ಊವೆ ಒಂದು ರಾತ್ರಿ ತಾನೇ ಹೋಗಿ ಕಟ್ಟಿಬಿಡುತ್ತಾನೆ. ವೃದ್ಧರ ಮನೆಗೆ ಭೇಟಿ ಕೊಡುವ ವೈದ್ಯ ಮನೆಯನ್ನೇ ಓದಬೇಕಾಗುತ್ತದೆ: ಫ್ರಿಜ್ಜಿನಲ್ಲಿ ಹಾಲು ಎಷ್ಟು ಹಳೆಯದು, ಒಡೆಯದ ಲಕೋಟೆಗಳು ಎಷ್ಟು, ಮಂಚದ ಯಾವ ಬದಿ ಮಾತ್ರ ಮಾಸಿದೆ. ಆ ತಗ್ಗು ಕಟ್ಟೆಗಳನ್ನು ಈಗ ಒಬ್ಬನೇ ಬಗ್ಗಿ ಬಳಸುತ್ತಿರುವ ಊವೆಯ ಚಿತ್ರ ನನ್ನಲ್ಲಿ ಉಳಿದಷ್ಟು ಅವನ ಅಳು ಉಳಿದಿಲ್ಲ.

ಹಿಂದಿನ ಕಥೆಗಳ ಅಧ್ಯಾಯಗಳಲ್ಲಿ ಲೇಖಕರ ಕೈ ಸ್ವಲ್ಪ ಭಾರವಾಗಿದೆ. ಬಾಲ್ಯದಲ್ಲಿ ತಾಯಿಯ ಸಾವು, ಹದಿನಾರಕ್ಕೆ ರೈಲ್ವೆ ನೌಕರನಾದ ತಂದೆಯ ಸಾವು, ಮಾಡದ ಕಳ್ಳತನದ ಆರೋಪ, ಸುಟ್ಟುಹೋಗುವ ಮನೆ, ಬಸ್ಸಿನ ಅಪಘಾತ, ಕ್ಯಾನ್ಸರ್. ಒಬ್ಬ ಮನುಷ್ಯನ ತಲೆಯ ಮೇಲೆ ಇಷ್ಟನ್ನು ಹೇರಿದರೆ ಅವನ ಸಿಡುಕನ್ನು ಯಾರು ಕ್ಷಮಿಸುವುದಿಲ್ಲ? ಸಿಡುಕರೆಲ್ಲರ ಹಿಂದೆ ದುರಂತವಿರುತ್ತದೆ ಎಂಬ ಸೂತ್ರ ಓದುಗರಿಗೆ ಹಿತ, ವಾರ್ಡಿನಲ್ಲಿ ಮಾತ್ರ ಅದು ನಡೆಯುವುದಿಲ್ಲ. ಯಾವ ದುರಂತವೂ ಇಲ್ಲದೆ ಬರೀ ಒರಟರಾದವರೂ ಇರುತ್ತಾರೆ. ಅವರಿಗೂ ಮಾತ್ರೆ ಕೊಡಬೇಕು, ಅವರ ಹಾಸಿಗೆಯ ಪಕ್ಕದಲ್ಲೂ ಕೂರಬೇಕು. ದುಃಖದ ರಸೀದಿ ತೋರಿಸಿದವನಿಗೆ ಮಾತ್ರ ಸ್ನೇಹ ಎಂದಾಗಬಾರದು. ಹೃದಯದ ಪ್ರಸಂಗ ಮಾತ್ರ ಚೆನ್ನಾಗಿ ಹೆಣೆದದ್ದು. ಯೌವನದಲ್ಲಿ ಸೈನ್ಯದ ತಪಾಸಣೆಯಲ್ಲಿ ಊವೆಯ ಹೃದಯದಲ್ಲಿ ದೋಷವಿದೆ ಎಂದು ತಿರಸ್ಕರಿಸುತ್ತಾರೆ. ಕೊನೆಯ ಭಾಗದಲ್ಲಿ ಅವನು ಕುಸಿದು ಬಿದ್ದಾಗ, ಹೃದಯದ ಗಾತ್ರ ಮಿತಿಮೀರಿದೆ ಎನ್ನುತ್ತಾರೆ ಆಸ್ಪತ್ರೆಯವರು. ಕೇಳಿದ ಪರ್ವಾನೆಗೆ ನಗು ತಡೆಯಲಾಗುವುದಿಲ್ಲ. ‘ದೊಡ್ಡ ಹೃದಯ’ ಎಂಬುದಕ್ಕೆ ಕನ್ನಡದಲ್ಲೂ ಅದೇ ಎರಡು ಅರ್ಥ ಇರುವುದರಿಂದ ಈ ಚಮತ್ಕಾರ ನಮಗೆ ತಟ್ಟನೆ ದಕ್ಕುತ್ತದೆ. ವೈದ್ಯನಿಗೆ ಅದು ನಗುವ ಸುದ್ದಿಯಲ್ಲ. ಹಿಗ್ಗಿದ ಹೃದಯ ದಣಿದ ಹೃದಯ.

ಊವೆಯ ಕೋಪಕ್ಕೆ ಸ್ವೀಡನ್ನಿನ ಚರಿತ್ರೆಯೂ ಕಾರಣ. ಅವನು ಸಾಬ್ ಕಾರು ಬಿಟ್ಟು ಬೇರೆಯದನ್ನು ಓಡಿಸುವವನಲ್ಲ. ಗೆಳೆಯ ರೂನೆ ವೋಲ್ವೋದವನು. ರೂನೆ ಒಂದು ದಿನ ಬಿಎಂಡಬ್ಲ್ಯು ಕೊಂಡದ್ದೇ ಸ್ನೇಹ ಮುರಿಯಲು ನೆಪವಾಯಿತು. ಸಾಬ್ ಕಂಪನಿ ದಿವಾಳಿ ಎದ್ದದ್ದು 2011ರ ಡಿಸೆಂಬರಿನಲ್ಲಿ. ಕಾದಂಬರಿ ಬಂದದ್ದು ಮರುವರ್ಷ. ವೋಲ್ವೋ ಕಾರು ವಿಭಾಗ 2010ರಲ್ಲೇ ಚೀನಾದ ಗೀಲಿಯ ಪಾಲಾಗಿತ್ತು. ಇಡೀ ದೇಶ ಒಂದು ಒಳ್ಳೆಯ ಮನೆಯಂತಿರಬೇಕು, ಅಲ್ಲಿ ಯಾರೂ ಮಲಮಕ್ಕಳಲ್ಲ ಎಂದು ಪೆರ್ ಆಲ್ಬಿನ್ ಹಾನ್ಸನ್ 1928ರಲ್ಲಿ ಮುಂದಿಟ್ಟ ‘ಜನರ ಮನೆ’ ಎಂಬ ಕಲ್ಪನೆಯಲ್ಲಿ ಬೆಳೆದ ತಲೆಮಾರು ಊವೆಯದು. ಆ ಮನೆಯ ಯಜಮಾನರಾಗಿ ಈಗ ಅವನಿಗೆ ಕಾಣುವವರು ಬಿಳಿ ಅಂಗಿಯ ಅಧಿಕಾರಿಗಳು. ಅವರ ಕೈಯಲ್ಲಿ ಕಡತವಿದೆ, ಬಾಯಲ್ಲಿ ‘ನಿರ್ಧಾರ ಆಗಿಬಿಟ್ಟಿದೆ’ ಎಂಬ ಮಾತಿದೆ.

ಲೇಖಕರೊಡನೆ ನನ್ನ ತಕರಾರು ಇರುವುದು ಇಲ್ಲಿಯೇ. ರೂನೆಗೆ ಆಲ್‌ಝೈಮರ್ಸ್ ಬಂದಿದೆ. ಅವನನ್ನು ಪಾಲನಾ ಗೃಹಕ್ಕೆ ಒಯ್ಯಲು ಬಿಳಿ ಅಂಗಿಯವರು ಬರುತ್ತಾರೆ. ಹೆಂಡತಿ ಅನಿತಾ ಒಪ್ಪುವುದಿಲ್ಲ. ಊವೆ, ಪರ್ವಾನೆ, ಒಬ್ಬ ಪತ್ರಕರ್ತೆ, ಬಡಾವಣೆಯ ಇತರರು ಸೇರಿ ಆ ಅಧಿಕಾರಿಯ ಹುಳುಕು ಹುಡುಕಿ, ಹೆದರಿಸಿ, ಹಿಂದಕ್ಕೆ ಕಳಿಸುತ್ತಾರೆ. ಓದುವಾಗ ಚಪ್ಪಾಳೆ ತಟ್ಟಬೇಕೆನಿಸುತ್ತದೆ. ಆದರೆ ನಾನು ಮೇಜಿನ ಆ ಬದಿಯಲ್ಲೂ ಕುಳಿತವನು. ಇಂಗ್ಲೆಂಡಿನಲ್ಲಿ 2005ರ ಮಾನಸಿಕ ಸಾಮರ್ಥ್ಯ ಕಾಯಿದೆಯಂತೆ, ತಾನೇ ನಿರ್ಧರಿಸಲಾಗದ ರೋಗಿಯ ಹಿತ ಯಾವುದು ಎಂದು ನರ್ಸ್, ಸಮಾಜ ಕಾರ್ಯಕರ್ತರು, ಮನೆಯವರು, ವೈದ್ಯರು ಕೂಡಿ ಚರ್ಚಿಸುತ್ತಾರೆ. ಗಂಡನ ಎದುರು ‘ನಾನು ನೋಡಿಕೊಳ್ಳುತ್ತೇನೆ’ ಎನ್ನುವ ಎಂಬತ್ತರ ಹೆಂಡತಿ ಹೊರಗಿನ ಓಣಿಗೆ ಬಂದು, ಮೂರು ತಿಂಗಳಿಂದ ರಾತ್ರಿ ನಿದ್ದೆಯಿಲ್ಲ ಎಂದು ಗೋಡೆ ಹಿಡಿದು ನಿಲ್ಲುತ್ತಾಳೆ. ರಾತ್ರಿ ಎರಡಕ್ಕೆ ಬಾಗಿಲು ತೆರೆದು ರಸ್ತೆಗಿಳಿಯುವ ರೋಗಿ, ಎತ್ತಿ ಕೂರಿಸುವಾಗ ಹೋದ ಅವಳ ಬೆನ್ನು, ಒದ್ದೆ ಹಾಸಿಗೆ: ಇವು ಕಾದಂಬರಿಯ ಸಂಭ್ರಮದೊಳಗೆ ಬರುವುದಿಲ್ಲ. ಅಧಿಕಾರಿ ಓಡಿಹೋದ ಮರುದಿನ ಬೆಳಿಗ್ಗೆ ರೂನೆಗೆ ಸ್ನಾನ ಮಾಡಿಸುವವರು ಯಾರು? ನೆರೆಯವರು ಒಂದು ವಾರ ಬರುತ್ತಾರೆ, ಒಂದು ತಿಂಗಳು ಬರುತ್ತಾರೆ. ಈ ರೋಗದ ಲೆಕ್ಕ ವರ್ಷಗಳಲ್ಲಿ. ಪಾಲನಾ ಗೃಹಕ್ಕೆ ಕಳಿಸುವುದೆಂದರೆ ಕೈಬಿಡುವುದು ಎಂಬ ಭಾವನೆ ನಮ್ಮ ಕನ್ನಡ ಮನೆಗಳಲ್ಲಿ ಮೊದಲೇ ಬಲವಾಗಿದೆ. ಈ ಅಧ್ಯಾಯ ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ, ಸುಸ್ತಾದ ಅನಿತಾಳಿಗೆ ಮಾತ್ರ ಕೊಡುವುದಿಲ್ಲ.

ಈಗ ಪರ್ವಾನೆಯ ವಿಷಯ. ಈ ಹೆಸರಿಗೆ ಪರ್ಷಿಯನ್ ಭಾಷೆಯಲ್ಲಿ ಚಿಟ್ಟೆ ಎಂದರ್ಥ. ಅದೇ ರೂಪದ ಇನ್ನೊಂದು ಪರ್ಷಿಯನ್ ಪದಕ್ಕೆ ಅಪ್ಪಣೆಪತ್ರ ಎಂಬ ಅರ್ಥವಿದ್ದು, ನಮ್ಮ ‘ಪರವಾನಗಿ’ ಬಂದದ್ದು ಅದರಿಂದ. ಕಾರಿನ ಪರವಾನಗಿಗಾಗಿ ಒದ್ದಾಡುವವಳಿಗೆ ಇದೇ ಹೆಸರು ಬಂದದ್ದು ಕನ್ನಡದ ಓದುಗನಿಗೆ ಮಾತ್ರ ಸಿಗುವ ಸಣ್ಣ ತಮಾಷೆ. 1979ರ ಕ್ರಾಂತಿ ಮತ್ತು 1980ರಿಂದ 1988ರವರೆಗಿನ ಇರಾಕ್ ಯುದ್ಧದ ಕಾಲದಲ್ಲಿ ಇರಾನಿನಿಂದ ಬಹಳ ಮಂದಿ ಸ್ವೀಡನ್ನಿಗೆ ಬಂದರು. ಪರ್ವಾನೆಯ ಮನೆಯವರೂ ಹಾಗೆ ಬಂದವರಿರಬಹುದು. ‘ಇರಬಹುದು’ ಎನ್ನಲು ಕಾರಣವಿದೆ. ಕಾರು ಕಲಿಯುವಾಗ ಸಿಗ್ನಲಿನಲ್ಲಿ ಅವಳು ತಡವರಿಸುತ್ತಾಳೆ, ಹಿಂದಿನವನು ಹಾರ್ನ್ ಬಾರಿಸುತ್ತಾನೆ, ಅವಳು ಅಳಲು ಶುರುಮಾಡುತ್ತಾಳೆ. ಊವೆ ಇಳಿದು ಹೋಗಿ ಹಿಂದಿನವನ ಕೊರಳಪಟ್ಟಿ ಹಿಡಿದು ಬರುತ್ತಾನೆ. ಆಮೇಲೆ ಅವಳಿಗೆ ಧೈರ್ಯ ಹೇಳುತ್ತಾನೆ: ಎರಡು ಮಕ್ಕಳನ್ನು ಹೆತ್ತವಳು, ದೂರದ ದೇಶದಿಂದ ಬಂದವಳು, ಬಹುಶಃ ಯುದ್ಧವನ್ನೋ ಹಿಂಸೆಯನ್ನೋ ತಪ್ಪಿಸಿಕೊಂಡು ಬಂದವಳು, ಹೊಸ ಭಾಷೆ ಕಲಿತವಳು ನೀನು, ಒಂದು ಕಾರು ಓಡಿಸಲಾರೆಯಾ ಎಂಬ ಧಾಟಿಯಲ್ಲಿ. ಪುಸ್ತಕದ ಅತ್ಯುತ್ತಮ ದೃಶ್ಯಗಳಲ್ಲಿ ಇದೊಂದು. ಪರದೇಶದಲ್ಲಿ ಪರವಾನಗಿ ಪರೀಕ್ಷೆ ಬರೆದ ಯಾರಿಗೂ ಇಲ್ಲಿ ಗಂಟಲು ಕಟ್ಟುತ್ತದೆ. ಎರಡನೆಯ ಓದಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ‘ಬಹುಶಃ’. ಊವೆ ಊಹಿಸುತ್ತಾನೆ, ಕೇಳುವುದಿಲ್ಲ. ಅವನು ಕೇಳದಿದ್ದರೆ ಸರಿ, ಅವನ ಸ್ವಭಾವವೇ ಅದು. ಲೇಖಕರೂ ಕೇಳುವುದಿಲ್ಲ. ಊವೆಗೆ ಅಧ್ಯಾಯದ ಮೇಲೆ ಅಧ್ಯಾಯ ಹಿಂದಿನ ಕಥೆ ಇದೆ. ಸೋನ್ಯಾಳಿಗೆ ಇದೆ, ರೂನೆ ಮತ್ತು ಅನಿತಾಗೆ ಅಮೆರಿಕಕ್ಕೆ ಹೋದ ಮಗನ ನೋವಿದೆ. ಪರ್ವಾನೆಗೆ ಇರುವುದು ಕೇಸರಿ ಹಾಕಿದ ಅನ್ನ, ಕೋಳಿ, ಜೋರು ಬಾಯಿ ಮತ್ತು ಮುಗಿಯದ ಒಳ್ಳೆಯತನ. ಅವಳು ರಾತ್ರಿ ಯಾರನ್ನು ನೆನೆಯುತ್ತಾಳೆ, ಅವಳ ತಾಯಿ ಎಲ್ಲಿದ್ದಾಳೆ, ಹೆರಿಗೆಯ ಹೊತ್ತಿಗೆ ಅವಳಿಗೆ ಯಾವ ಭಾಷೆ ಬಾಯಿಗೆ ಬರುತ್ತದೆ? ಹೊರಗಿನಿಂದ ಬಂದವಳು ಒಳಗಿನವನ ಗಾಯಕ್ಕೆ ಮದ್ದಾಗುತ್ತಾಳೆ. ಅವಳಿಗೇ ಗಾಯವಿದೆಯೇ ಎಂದು ನೋಡುವವರಿಲ್ಲ. 2015ರಲ್ಲಿ ಹಾನೆಸ್ ಹೋಲ್ಮ್ ಇದನ್ನು ಸ್ವೀಡಿಷ್ ಸಿನಿಮಾ ಮಾಡಿದರು. 2022ರಲ್ಲಿ ಟಾಮ್ ಹ್ಯಾಂಕ್ಸ್ ನಟಿಸಿದ ಅಮೆರಿಕನ್ ರೂಪ ಬಂದಾಗ ಇರಾನಿನವಳ ಜಾಗದಲ್ಲಿ ಮೆಕ್ಸಿಕೋ ಮೂಲದ ಮಾರಿಸೋಲ್ ಬಂದಳು. ದೇಶ ಬದಲಾದರೂ ಕಥೆ ಅಲುಗದೆ ನಿಂತಿತು ಎಂಬುದನ್ನು ಗಮನಿಸಿ. ಒಬ್ಬಳ ಚರಿತ್ರೆ ಅಷ್ಟು ಸುಲಭವಾಗಿ ಬದಲಾಯಿಸುವಂತಿದ್ದರೆ ಅದನ್ನು ಮೊದಲು ಬರೆದಿರಲೇ ಇಲ್ಲ ಎಂದೇ ತಿಳಿಯಬೇಕು.

ಈ ಪ್ರಶ್ನೆ ಬಂದಾಗ ನನಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ನೆನಪಾಗುತ್ತದೆ. ಅಲ್ಲಿಯೂ ಹೊಂದಿಕೆಯಾಗದವರ ಸ್ನೇಹವೇ: ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ, ಜೇನು ಹಿಡಿಯುವ ಮಂದಣ್ಣ, ಬಿರ್ಯಾನಿ ಕರಿಯಪ್ಪ, ಕಿವಿ ಎಂಬ ನಾಯಿ. ಅವರನ್ನು ಹತ್ತಿರ ತರುವುದೂ ಕೆಲಸವೇ, ಹಾರುವ ಓತಿಯ ಹುಡುಕಾಟ. ವ್ಯತ್ಯಾಸ ಇರುವುದು ಒಬ್ಬನೊಳಗೆ ಮುಚ್ಚಿರುವುದು ಏನು ಎಂಬುದರಲ್ಲಿ. ಊವೆಯ ಒಳಗೆ ಮುಚ್ಚಿರುವುದು ದುಃಖ. ಊರಿನ ಕಣ್ಣಿಗೆ ಪೆದ್ದನಾದ ಮಂದಣ್ಣನೊಳಗೆ ಕರ್ವಾಲೊ ಕಾಣುವುದು ಒಬ್ಬ ಹುಟ್ಟು ನಿಸರ್ಗ ವಿಜ್ಞಾನಿಯನ್ನು. ಅಲ್ಲಿ ಕಣ್ಣೀರು ಬೇಕಾಗಲಿಲ್ಲ. ಪರ್ವಾನೆಯ ವಿಷಯದಲ್ಲೂ ನಾನು ಕಣ್ಣೀರಿನ ಅಧ್ಯಾಯವನ್ನೇ ಕೇಳುತ್ತಿಲ್ಲ. ಅವಳೂ ಓದಿದವಳು. ಅವಳು ಏನು ಬಲ್ಲಳು, ಏನು ಓದಿದಳು ಎಂಬುದಾದರೂ ಊವೆಗೆ ತಿಳಿಯಬೇಕಿತ್ತು. ಕಾದಂಬರಿಯಲ್ಲಿ ಕಲಿಸುವವನು ಯಾವಾಗಲೂ ಊವೆ.

ಈ ಪುಸ್ತಕ ಓದಿದ ನಮ್ಮವರು ಸಲೀಸಾಗಿ ತಮ್ಮನ್ನು ಪರ್ವಾನೆಯ ಜಾಗದಲ್ಲಿ ಇರಿಸಿಕೊಳ್ಳುತ್ತಾರೆ. ನೆರೆಯ ಮುದುಕನಿಗೆ ಚಿತ್ರಾನ್ನದ ಡಬ್ಬಿ ಕೊಟ್ಟವರು, ಅವನ ತೋಟದ ಸೇಬು ಪಡೆದವರು ನಾವು. ಅದು ನಿಜವೇ. ಆದರೆ 1970, 80ರ ದಶಕದಲ್ಲಿ ಇಲ್ಲಿಗೆ ಬಂದ ನಮ್ಮ ತಲೆಮಾರಿಗೆ ಈಗ ಊವೆಯ ವಯಸ್ಸೂ ದಾಟಿದೆ. ಮಕ್ಕಳು ಬೇರೆ ಊರುಗಳಲ್ಲಿ. ಐದು ಕೋಣೆಗಳ ಮನೆಯಲ್ಲಿ ಒಬ್ಬರೇ ಉಳಿದವರು ನಮ್ಮ ನಡುವೆ ಇದ್ದಾರೆ. ಯುಗಾದಿ, ದೀಪಾವಳಿಯ ಸಭೆಗಳಲ್ಲಿ ಅವರು ಹಿಂದಿನ ಸಾಲಿನಲ್ಲಿ ಕುಳಿತು, ಕೇಳಿದರೆ ‘ಚೆನ್ನಾಗಿದ್ದೀನಿ’ ಎಂದು ಹೇಳಿ, ಊಟ ಮುಗಿಸಿ ಹೋಗುತ್ತಾರೆ. ಹೊಸದಾಗಿ ಬಂದ ಕಂಪ್ಯೂಟರ್ ಕೆಲಸದ ಹುಡುಗ ಹುಡುಗಿಯರು ಗೌರವದಿಂದ ಅವರ ಕಾಲು ಮುಟ್ಟಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಕುರ್ಚಿ ಜೋಡಿಸಲು, ಲೆಕ್ಕ ಬರೆಯಲು, ಮಕ್ಕಳಿಗೆ ಅಕ್ಷರ ತಿದ್ದಿಸಲು ಮಾತ್ರ ಕರೆಯುವುದಿಲ್ಲ. ದೊಡ್ಡವರಿಗೆ ತೊಂದರೆ ಕೊಡಬಾರದೆಂಬ ಸಂಕೋಚ.

ಕಾದಂಬರಿಯ ಇನ್ನೊಂದು ವಿವರ. ಪರ್ವಾನೆಯ ಮೂರು ವರ್ಷದ ಕಿರಿಮಗಳು ಚಿತ್ರ ಬರೆಯುತ್ತಾಳೆ. ಉಳಿದವರನ್ನೆಲ್ಲ ಕಪ್ಪು ಗೆರೆಯಲ್ಲಿ ಬರೆದು, ಊವೆಯೊಬ್ಬನಿಗೆ ಬಣ್ಣ ತುಂಬುತ್ತಾಳೆ. ಸೋನ್ಯಾ, ಸ್ಪೇನ್, ಬಸ್ಸು ಯಾವುದೂ ಆ ಮಗುವಿಗೆ ಗೊತ್ತಿಲ್ಲ.